ಕಂದಕ ಕುಸಿದ ಜಾಗ



ಕಂಪ್ಯೂಟರ್ ರಿಪೇರಿ ಮಾಡುವವನನ್ನು ಮೈಕಿನ ಮುಂದೆ ನಿಲ್ಲಿಸಿದ್ದೀರಿ. ಸಣ್ಣ ಆಫೀಸು ಇಟ್ಟುಕೊಂಡವರಿಗೆ ಉಪಯೋಗ ಆಗುವುದನ್ನು ಹೇಳು ಎಂದಿದ್ದಾರೆ, ಆದ್ದರಿಂದ ಫೈರ್‌ವಾಲ್ ವಿಷಯ ತೆಗೆದುಕೊಂಡೆ. ನೆಲ್ಯಹುದಿಕೇರಿಯವರಿಗೆ ಇದನ್ನು ತಿಳಿಸುವುದು ಸುಲಭ. ಆನೆ ಕಂದಕ ನೋಡದವರು ಇಲ್ಲಿ ಯಾರಿದ್ದಾರೆ? ಎಷ್ಟೇ ಆಳ ತೋಡಿದರೂ ಮಣ್ಣು ಕುಸಿದ ಒಂದು ಜಾಗ ಸಾಕು, ಹಲಸು ಹಣ್ಣಾಗುವ ಹೊತ್ತಿಗೆ ಆನೆ ಅಲ್ಲಿಂದಲೇ ತೋಟಕ್ಕೆ ಇಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ತೋಟದ ಆಫೀಸಿನಿಂದ ಬೆಳಿಗ್ಗೆಯೇ ಫೋನ್ ಬಂತು. ಅಂದು ಬಟವಾಡೆ. ಹಾಜರಿ, ಮುಂಗಡ, ಸಂಬಳ ಎಲ್ಲ ಫೈಲಿಗೂ ಯಾರೋ ಬೀಗ ಹಾಕಿ, ಬಿಚ್ಚಬೇಕಾದರೆ ದುಡ್ಡು ಕೊಡಿ ಎಂದು ಬರೆದಿದ್ದರು. ಲೈನ್ ಮನೆಗಳಿಂದ ಬಂದವರು ಹೊರಗೆ ಕಾಯುತ್ತಿದ್ದರು. ಮನೆಯಿಂದಲೇ ಲೆಕ್ಕ ನೋಡಬೇಕು ಎಂದು ಕೇಳಿದ್ದಕ್ಕೆ ರೌಟರಿನಲ್ಲಿ 3389ನೇ ಪೋರ್ಟ್ ತೆರೆದು ಕೊಟ್ಟವನು ನಾನೇ. ಪಾಸ್‌ವರ್ಡ್ ತೋಟದ ಹೆಸರು, ಮುಂದೆ 123. ರೈಟರ್ ಹಳೇ ಅಭ್ಯಾಸದಂತೆ ಚೆಕ್‌ರೋಲನ್ನು ಕೈಯಲ್ಲೂ ಬರೆದಿದ್ದರಿಂದ ಸಂಜೆಗೆ ಸಂಬಳ ಸಿಕ್ಕಿತು. ಮೂರು ವರ್ಷದ ಲೆಕ್ಕ ಮಾತ್ರ ವಾಪಸು ಬರಲಿಲ್ಲ.

ಫೈರ್‌ವಾಲಿನ ಕೆಲಸ ಇಷ್ಟೇ: ಒಳಗಿನವರು ಕೇಳಿದ್ದಕ್ಕೆ ಬರುವ ಉತ್ತರವನ್ನು ಬಿಡುವುದು, ಕರೆಯದೆ ಬಂದದ್ದನ್ನು ತಡೆಯುವುದು. ಹೆಚ್ಚಿನ ರೌಟರುಗಳಲ್ಲಿ ಅದು ಇದ್ದೇ ಇರುತ್ತದೆ. ಅದನ್ನು ತೂತು ಮಾಡುವವರು ನಾವು. ದೂರದಿಂದ ಕೆಲಸ ಮಾಡಲೇಬೇಕಾದರೆ ವಿಪಿಎನ್ ಹಾಕಿಸಿ, ಪೋರ್ಟ್ ತೆರೆಯಬೇಡಿ. ರೌಟರಿನ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ಹೊರಗಿನಿಂದ ರೌಟರಿನ ಸೆಟ್ಟಿಂಗ್ ತೆರೆಯುವ ಸೌಲಭ್ಯವನ್ನು ಆಫ್ ಮಾಡಿ.

ಸಿಸಿಟಿವಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಮು ಲೋಕದ ತುಂಬ ಕ್ಯಾಮೆರಾ, ಡಿವಿಆರ್, ರೌಟರುಗಳೊಳಗೆ ಹೊಕ್ಕಿತು. ಕೀಲಿಕೈ ಯಾವುದು? ಕಂಪನಿ ಹಾಕಿಕೊಟ್ಟ, ಯಾರೂ ಬದಲಿಸದ ಪಾಸ್‌ವರ್ಡ್! ಕ್ಯಾಮೆರಾಗಳನ್ನು ಲೆಕ್ಕದ ಕಂಪ್ಯೂಟರ್ ಇರುವ ನೆಟ್‌ವರ್ಕಿನಲ್ಲಿ ಇಡಬೇಡಿ. ಬಂದು ಹೋಗುವವರಿಗೆ ಗೆಸ್ಟ್ ವೈಫೈ ಕೊಡಿ. ನೆಂಟರಿಗೆ ಜಗಲಿ ಸಾಕಲ್ಲ, ಅಡುಗೆಮನೆ ಏಕೆ?

ಸುಳ್ಳು ಇಮೇಲಿನಲ್ಲಿ ಬಂದದ್ದನ್ನು ನೀವೇ ಒತ್ತಿ ತೆರೆದರೆ ಫೈರ್‌ವಾಲ್ ಹೆಚ್ಚೇನೂ ಮಾಡಲಾರದು. ಅದಕ್ಕೇ ವಾರಕ್ಕೊಮ್ಮೆ ಲೆಕ್ಕವನ್ನು ಬೇರೆ ಡಿಸ್ಕಿಗೆ ಇಳಿಸಿ, ವೈರ್ ಕಿತ್ತು ಬೀರುವಿನಲ್ಲಿಡಿ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಒಂದು ಹಳೇ ರೌಟರ್ ತಂದಿದ್ದೇನೆ. ಊಟವಾದ ಮೇಲೆ ಹತ್ತನೇ ಕ್ಲಾಸಿನ ರೂಮಿಗೆ ಬಂದರೆ ಎಲ್ಲಿ ಏನು ಒತ್ತಬೇಕು ಎಂದು ತೋರಿಸುತ್ತೇನೆ. ನಾನು ಕೂರುತ್ತಿದ್ದ ಕೊನೇ ಬೆಂಚಿನ ಹತ್ತಿರ ಈಗ ಪ್ಲಗ್ ಪಾಯಿಂಟ್ ಬಂದಿದೆ.