ಮೌತ್ ಆರ್ಗನ್ ಗ್ಯಾಂಗು, ನಮ್ಮ ನಾಟಕದ ಮೇಷ್ಟ್ರು

ಹುಣಸೂರು ಬಸ್ಸಲ್ಲಿ ಕೂತು ಕೇಳ್ತಿದ್ರೂ ಸರಿ, ಎಚ್.ಡಿ. ಕೋಟೆ ರೋಡಲ್ಲಿ ಬೈಕ್ ನಿಲ್ಸಿ ಟೀ ಕುಡೀತಾ ಕೇಳ್ತಿದ್ರೂ ಸರಿ, ಇವತ್ತು ಮೌತ್ ಆರ್ಗನ್ ಬಗ್ಗೆ ಮಾತಾಡೋಣ.

ಮೌತ್ ಆರ್ಗನ್ ಅಂದ ತಕ್ಷಣ ‘ಶೋಲೆ’ ನೆನಪಾಗುತ್ತೆ, ಅಲ್ವಾ? ಅಮಿತಾಭ್ ಕೂತು ನುಡಿಸ್ತಿರ್ತಾರೆ, ಎದುರಿಗೆ ಜಯಾ ಒಂದೊಂದೇ ದೀಪ ಆರಿಸ್ತಾ ಹೋಗ್ತಾರೆ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಸಿನಿಮಾ, ಬಿಡುಗಡೆ ಆಗಿದ್ದು 1975ರಲ್ಲಿ. ಆದ್ರೆ ಆ ಮೌತ್ ಆರ್ಗನ್ ನಿಜವಾಗಿ ನುಡಿಸಿದ್ದು ಭಾನು ಗುಪ್ತಾ. ಆರ್.ಡಿ. ಬರ್ಮನ್ ತಂಡದ ಗಿಟಾರ್ ವಾದಕರು. ಮುಖ ಎಲ್ಲರಿಗೂ ಗೊತ್ತು, ಉಸಿರು ಯಾರದು ಅಂತ ಎಷ್ಟು ಜನಕ್ಕೆ ಗೊತ್ತು?

ಇದಕ್ಕೂ ಸುಮಾರು ನಲವತ್ತು ವರ್ಷ ಮುಂಚೆ ಅಮೆರಿಕದಲ್ಲಿ ನುಡಿಸೋರೇ ತೆರೆ ಮೇಲೆ ಬರ್ತಿದ್ರು. ಬೋರಾ ಮಿನೆವಿಚ್ ಅನ್ನೋರು ‘ಹಾರ್ಮೋನಿಕಾ ರಾಸ್ಕಲ್ಸ್’ ಅಂತ ಒಂದು ತಂಡ ಕಟ್ಟಿದ್ರು. ಒಬ್ಬ ರಾಗ ನುಡಿಸಿದ್ರೆ ಇನ್ನೊಬ್ಬ ಬೇಸ್ ಹಿಡೀತಿದ್ದ, ಮತ್ತೊಬ್ಬನ ಕೈಲಿ ಸುಮಾರು ಎರಡು ಅಡಿ ಉದ್ದದ ಕಾರ್ಡ್ ಹಾರ್ಮೋನಿಕಾ. ನಡುವೆ ಕುಳ್ಳಗಿನ ಜಾನಿ ಪುಲಿಯೊ, ಉಳಿದವರು ತಳ್ಳಿದಷ್ಟೂ ನುಗ್ಗಿ ಬರೋ ಆಸಾಮಿ. 1936ರ ‘ಒನ್ ಇನ್ ಎ ಮಿಲಿಯನ್’ ಸಿನಿಮಾದಲ್ಲಿ ಈ ತಂಡ ಇದೆ. ಅವರ ಮುಖ, ಬೆರಳು, ಚೇಷ್ಟೆ ಎಲ್ಲಾ ಇವತ್ತಿಗೂ ನೋಡಬಹುದು.

ಈಗ ನಮ್ಮ ಕಡೆ ಬನ್ನಿ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ ತೆರೆ ಕಂಡಿದ್ದು 1934ರ ಮಾರ್ಚ್ 3ಕ್ಕೆ. ಚಿತ್ರೀಕರಣ ಕೊಲ್ಹಾಪುರದಲ್ಲಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಇಬ್ಬರೂ ನಾಟಕದ ಕಂಪನಿಯಿಂದ ಬಂದವರು. ಕಂಪನಿ ನಾಟಕದ ಜೀವ ಹಾರ್ಮೋನಿಯಂ. ಅದು ಮೌತ್ ಆರ್ಗನ್ನಿನ ದಾಯಾದಿ ಇದ್ದ ಹಾಗೆ. ಎರಡರೊಳಗೂ ಗಾಳಿಗೆ ನಡುಗೋ ಲೋಹದ ಪುಟ್ಟ ಪಟ್ಟಿಗಳಿರ್ತವೆ. ಒಂದಕ್ಕೆ ಬಾಯಿಂದ ಗಾಳಿ, ಇನ್ನೊಂದಕ್ಕೆ ತಿದಿಯಿಂದ. ಅಷ್ಟೇ ವ್ಯತ್ಯಾಸ. ಆದ್ರೆ ಅಮೆರಿಕದ ಆ ತಂಡಕ್ಕಿದ್ದ ಅದೃಷ್ಟ ನಮ್ಮ ಮೊದಲ ಟಾಕಿಗೆ ಇರಲಿಲ್ಲ. ‘ಸತಿ ಸುಲೋಚನಾ’ದ ಪ್ರತಿಯೇ ಉಳಿದಿಲ್ಲ.

ಹಾರ್ಮೋನಿಯಂಗೆ ಇನ್ನೊಂದು ಪೆಟ್ಟೂ ಬಿತ್ತು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನ ನಿಷೇಧಿಸ್ತು. ನಮ್ಮ ಸಂಗೀತದ ಗಮಕ, ಶ್ರುತಿಗಳ ಸೂಕ್ಷ್ಮ ಅದರಲ್ಲಿ ಬರಲ್ಲ ಅನ್ನೋ ವಾದ. ಬಾಗಿಲು ಮತ್ತೆ ತೆರೆದಿದ್ದು 1971ರಲ್ಲಿ. ಮೂವತ್ತು ವರ್ಷ ರೇಡಿಯೋ ಬೇಡ ಅಂದ ಪೆಟ್ಟಿಗೆನ ನಮ್ಮ ಹಳ್ಳಿಗಳು ಮಾತ್ರ ಬಿಡಲಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ಯಾವ ತಾಲ್ಲೂಕಾದ್ರೂ ಆಗ್ಲಿ, ಹಬ್ಬ ಜಾತ್ರೆ ಬಂದ್ರೆ ‘ಕುರುಕ್ಷೇತ್ರ’ ನಾಟಕ ಇದ್ದೇ ಇರುತ್ತೆ. ಬಿಕಾಂ ಓದಿದ ನನಗೆ ಅದರ ಲೆಕ್ಕಾಚಾರ ಬಲು ಇಷ್ಟ. ಪಾತ್ರಧಾರಿಗಳು ದುಡ್ಡು ತಗೊಳ್ಳಲ್ಲ, ತಾವೇ ಕೈಯಿಂದ ಹಾಕ್ತಾರೆ. ಕೃಷ್ಣ, ದುರ್ಯೋಧನ ಆಗಬೇಕಂದ್ರೆ ಜಾಸ್ತಿ ಹಾಕ್ಬೇಕು. ಆ ದುಡ್ಡಲ್ಲೇ ಸೀನರಿ, ಡ್ರೆಸ್ಸು, ಮೈಕು, ಮೇಷ್ಟ್ರ ಸಂಬಳ. ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸಿ, ಹೊಲದಲ್ಲಿ ದುಡಿಯೋ ಕೈಗೆ ಗದೆ ಕೊಟ್ಟು, ಬಾಯಿಗೆ ಕಂದಪದ್ಯ ಕೂರಿಸೋದು ಅದೇ ಹಾರ್ಮೋನಿಯಂ ಮೇಷ್ಟ್ರು. ನಾಟಕದ ರಾತ್ರಿ ಅರ್ಜುನ ಶ್ರುತಿ ಬಿಟ್ರೆ ಎಳೆದು ತರೋದೂ ಅವರೇ, ಭೀಮ ಮಾತು ಮರೆತ್ರೆ ಎತ್ತಿಕೊಡೋದೂ ಅವರೇ.

ನಮ್ಮ ಮೊಬೈಲ್ ವಿಡಿಯೋ ನೋಡಿ ಈಗ. ದುರ್ಯೋಧನನ ಎಂಟ್ರಿ, ಕಿರೀಟ, ಶಿಳ್ಳೆ. ಮೇಷ್ಟ್ರು ಫ್ರೇಮಿನಲ್ಲೇ ಇಲ್ಲ. ‘ಶೋಲೆ’ ಮಾಡಿದ್ದನ್ನೇ ನಾವೂ ಮಾಡ್ತಿದ್ದೀವಿ. ಆವತ್ತು ಕ್ಯಾಮೆರಾ ಯಾರದೋ ಕೈಲಿತ್ತು. ಇವತ್ತು ನಿಮ್ಮ ಜೇಬಲ್ಲಿದೆ.

ಅದಕ್ಕೆ ಒಂದು ಕೆಲಸ ಮಾಡಿ. ಮುಂದಿನ ನಾಟಕದಲ್ಲಿ ಐದೇ ನಿಮಿಷ ಫೋನನ್ನ ಮೇಷ್ಟ್ರ ಬೆರಳ ಕಡೆ ತಿರುಗಿಸಿ. ಬಿಡುವು ಸಿಕ್ಕಾಗ ಹತ್ತಿರ ಹೋಗಿ ‘ಈ ಮಟ್ಟು ಯಾರಿಂದ ಕಲಿತ್ರಿ ಮೇಷ್ಟ್ರೇ, ನಿಮ್ಮ ಗುರುಗಳು ಯಾರು?’ ಅಂತ ಕೇಳಿ. ಅವರು ಒಪ್ಪಿದ್ರೆ ರೆಕಾರ್ಡ್ ಮಾಡಿ, ಹೆಸರು, ಊರು, ವರ್ಷ ಬರೆದು ಅಪ್‌ಲೋಡ್ ಮಾಡಿ. ಬರೀ ‘ಸೂಪರ್ ಸೀನ್’ ಅಂತ ಹಾಕ್ಬೇಡಿ, ಮುಂದೆ ಹುಡುಕೋರಿಗೆ ಅದು ಸಿಗಲ್ಲ.

ಲಿಂಕ್ ನನಗೂ ಕಳ್ಸಿ, ಕೇಳ್ತೀನಿ. ಮುಂದಿನ ವಾರ ಸಿಗೋಣ, ನಮಸ್ಕಾರ.