ಭವಿಷ್ಯವಾಣಿಯೂ ಇತಿಹಾಸದ ಸಾಕ್ಷ್ಯವೂ

ಧರ್ಮಗ್ರಂಥದಲ್ಲಿ ನುಡಿದ ಮಾತು ಮುಂದೆ ನಡೆದು ನಿಜವಾಯಿತೆಂದು ತೋರಿಸಿದರೆ, ಆ ಗ್ರಂಥದ ದೈವಿಕತೆಯು ಸಿದ್ಧವಾದಂತೆಯೇ ಸರಿ ಎಂಬ ವಾದವನ್ನು ನಾವೆಲ್ಲರೂ ಕೇಳಿದ್ದೇವೆ. ಕ್ರೈಸ್ತರಲ್ಲಿ ಈ ವಾದವನ್ನು ಹೂಡುವವರು ಕೊಡುವ ಪ್ರಸಿದ್ಧ ನಿದರ್ಶನಗಳಲ್ಲಿ ತೂರ್ ಪಟ್ಟಣದ್ದು ಒಂದು. ಈ ಹೊತ್ತು ಅದನ್ನೇ ಸ್ವಲ್ಪ ಪರಿಶೀಲಿಸೋಣ.

ತೂರ್ ಫಿನಿಷಿಯರ ಸಿರಿವಂತ ವ್ಯಾಪಾರನಗರ. ಇಂದಿನ ಲೆಬನಾನ್ ದೇಶದ ಕರಾವಳಿಯಲ್ಲಿದೆ. ಆಗ ಅದರ ಮುಖ್ಯಭಾಗವಿದ್ದುದು ದಡಕ್ಕೆ ಸಮೀಪದ ದ್ವೀಪವೊಂದರ ಮೇಲೆ. ಜೆರುಸಲೇಮು ಹಾಳಾದಾಗ, ತನಗೆ ಲಾಭವಾಯಿತೆಂದು ಈ ನಗರ ಹಿಗ್ಗಿತೆಂಬುದು ಕ್ರಿ. ಪೂ. 6ನೆಯ ಶತಮಾನದ ಪ್ರವಾದಿ ಯೆಹೆಜ್ಕೇಲನ ಆಪಾದನೆ. ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಅದರ ಮೇಲೆ ಬೀಳುವನು. ಅದರ ಕಲ್ಲು, ಮರ, ಮಣ್ಣುಗಳು ನೀರಿನ ಪಾಲಾಗುವುವು. ಅದು ಬಲೆ ಹರಡುವ ಬರಿಯ ಬಂಡೆಯಾಗಿ, ಮತ್ತೆಂದೂ ಏಳದು: ಇದು ಅವನ ಗ್ರಂಥದ 26ನೆಯ ಅಧ್ಯಾಯದ ಸಾರಾಂಶ.

ನಡೆದುದೇನು? ನೆಬೂಕದ್ನೆಚ್ಚರನು 13 ವರ್ಷ ಮುತ್ತಿಗೆ ಹಾಕಿದನೆಂದು ಯೆಹೂದಿ ಇತಿಹಾಸಕಾರ ಜೋಸೀಫಸನು ತಿಳಿಸುತ್ತಾನೆ. ಬಹುಕಾಲದ ಮೇಲೆ, ಕ್ರಿ. ಪೂ. 332ರಲ್ಲಿ, ಅಲೆಕ್ಸಾಂಡರನು ದಡದ ಹಳೆಯ ಊರನ್ನು ಕೆಡವಿ, ಅದರ ಅವಶೇಷಗಳನ್ನು ಸಮುದ್ರಕ್ಕೆ ತುಂಬಿ, ದ್ವೀಪಕ್ಕೆ ದಾರಿ ಕಟ್ಟಿ, ಏಳು ತಿಂಗಳಲ್ಲಿ ನಗರವನ್ನು ಹಿಡಿದನು. ಕಲ್ಲುಮಣ್ಣು ನೀರಿಗೆ ಬಿದ್ದುದು ನಿಜವೇ ಆಯಿತಲ್ಲವೆ, ಎಂದು ವಿಶ್ವಾಸಿಗಳು ಕೇಳುತ್ತಾರೆ. ಆ ಹೋಲಿಕೆ ಬೆರಗುಗೊಳಿಸುವಂಥದೇ.

ಆದರೆ ಇತಿಹಾಸವು ಅಲ್ಲಿಗೇ ನಿಲ್ಲದು. ತೂರ್ ಮತ್ತೆ ಎದ್ದಿತು. ಸಂತ ಪೌಲನು ಅಲ್ಲಿಯ ಶಿಷ್ಯರೊಡನೆ ಏಳು ದಿನ ತಂಗಿದ್ದನೆಂದು ಹೊಸ ಒಡಂಬಡಿಕೆಯೇ ಹೇಳುತ್ತದೆ. ಸೂರ್ ಎಂಬ ಹೆಸರಿನಿಂದ ಅದು ಇಂದಿಗೂ ಜನವಸತಿಯುಳ್ಳ ಊರು. ಅಲ್ಲಿ ಬಲೆಗಳೂ ಉಂಟು, ಮನೆಗಳೂ ಉಂಟು.

ಇನ್ನೂ ವಿಚಾರಣೀಯವಾದುದು ಅದೇ ಗ್ರಂಥದ 29ನೆಯ ಅಧ್ಯಾಯ. ಗ್ರಂಥದ ಲೆಕ್ಕದಂತೆಯೇ 16 ವರ್ಷಗಳ ತರುವಾಯ, ಅಷ್ಟು ದುಡಿದರೂ ಅರಸನಿಗಾಗಲಿ ಸೈನ್ಯಕ್ಕಾಗಲಿ ತೂರಿನಿಂದ ಕೂಲಿ ದೊರೆಯಲಿಲ್ಲ, ಅದಕ್ಕೆ ಬದಲಾಗಿ ಐಗುಪ್ತ ದೊರೆಯುವುದು, ಎಂಬ ಮಾತು ಬರುತ್ತದೆ. ಗ್ರಂಥವನ್ನು ಕಾಪಾಡಿಕೊಂಡು ಬಂದವರು ಮೊದಲಿನ ನುಡಿಯನ್ನು ತಿದ್ದಲಿಲ್ಲ, ಎರಡನೆಯದನ್ನು ಮರೆಮಾಡಲಿಲ್ಲ. ಎರಡನ್ನೂ ಒಂದೇ ಹೊತ್ತಗೆಯಲ್ಲಿ ಉಳಿಸಿದರು. ಅವರ ಶ್ರದ್ಧೆ ಇಂಥ ಲೆಕ್ಕಾಚಾರದ ಮೇಲೆ ನಿಂತಿದ್ದರೆ ಹಾಗೆ ಮಾಡುತ್ತಿದ್ದರೆ?

ಇತಿಹಾಸವನ್ನು ಸಾಕ್ಷಿಗೆ ಕರೆದವನು ಅದರ ಸಾಕ್ಷ್ಯವನ್ನು ಪೂರ್ತಿಯಾಗಿ ಕೇಳಬೇಕು. ಅನುಕೂಲವಾದ ಮಾತನ್ನು ಬರೆದುಕೊಂಡು, ಪ್ರತಿಕೂಲವಾದುದು ಬಂದೊಡನೆ ಅವನ ಬಾಯಿ ಮುಚ್ಚಿಸುವುದು ನ್ಯಾಯವಲ್ಲ, ಭಕ್ತಿಯೂ ಅಲ್ಲ. ಅಂತೆಯೇ, ನಗರ ಉಳಿಯಿತೆಂದು ತೋರಿಸಿ ಪ್ರವಾದಿಯನ್ನು ತಳ್ಳಿಹಾಕುವವರೂ ಒಂದನ್ನು ಮರೆಯುತ್ತಾರೆ. ನೆರೆಯವನ ನಾಶದಲ್ಲಿ ತನ್ನ ಲಾಭವನ್ನೆಣಿಸುವುದು ಪಾಪವೆಂಬ ಅವನ ಮಾತನ್ನು ಯಾವ ಉತ್ಖನನವೂ ಸ್ಥಾಪಿಸಲಾರದು, ಅಲ್ಲಗಳೆಯಲೂ ಆರದು. ಅದನ್ನು ಒಪ್ಪುವ ಬಿಡುವ ಹೊಣೆ ನಮ್ಮ ನಮ್ಮ ಅಂತಃಕರಣದ್ದು.