ಮನೆಯಲ್ಲಿ ದಡಾರ, ತೊಡೆಯಲ್ಲಿ ಕೂಸು



ಹರಿಹರದ ಬಳಿಯ ಕೊಕ್ಕನೂರಿನಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಐದು ವರ್ಷದ ಹುಡುಗನಿಗೆ ದಡಾರವೆದ್ದಿದೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆ. ಆರು ತಿಂಗಳ ತಂಗಿಗೂ ಜ್ವರ, ಮೊಲೆಹಾಲನ್ನು ಒಲ್ಲಳು. "ಅಮ್ಮ ಬಂದ ಮನೆಯಿಂದ ಕೂಸನ್ನು ಹೊರಗೊಯ್ಯಬೇಡ" ಎನ್ನುತ್ತಾಳೆ ಅತ್ತೆ. ತಾಯಿ ಏನು ಮಾಡಬೇಕು?

ಅತ್ತೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ದಡಾರದ ವಿಷಾಣುವು ರೋಗಿ ಎದ್ದುಹೋದ ಮೇಲೂ 2 ಗಂಟೆಯವರೆಗೆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ಗಂದೆ ಏಳುವುದಕ್ಕೆ 4 ದಿನ ಮೊದಲಿನಿಂದ, ಎದ್ದ 4 ದಿನಗಳ ತನಕ ಅದು ಅಂಟುತ್ತದೆ. ಆದಕಾರಣ ಹುಡುಗನು ಮನೆಯಲ್ಲಿಯೇ ಇರುವುದು ಲೇಸು. ಆದರೆ ಕೂಸಿನ ಚಿಕಿತ್ಸೆಯನ್ನು ತಡೆಯುವುದು ಸಲ್ಲದು. ನಮ್ಮಲ್ಲಿ ದಡಾರದ ಮೊದಲ ಚುಚ್ಚುಮದ್ದು 9 ತಿಂಗಳು ತುಂಬಿದ ಮೇಲೆ. ಈ ಕೂಸಿಗೆ ಆ ರಕ್ಷೆಯಿಲ್ಲ. ಹಾಲನ್ನು ಒಲ್ಲದಿರುವುದೂ, ಏದುಸಿರೂ, ಸೆಳವೂ ಅಪಾಯದ ಲಕ್ಷಣಗಳು. ಅಂದೇ ವೈದ್ಯರನ್ನು ಕಾಣಬೇಕು.

ಹಿಂದೆ ದಡಾರವನ್ನು ಕಂಡುಂಡ ಅಜ್ಜಿಯೊಡನೆ ಹುಡುಗನಿರಲಿ. ತಾಯಿಯು ಹೊರಡುವ ಮೊದಲೇ ಹರಿಹರದ ಆಸ್ಪತ್ರೆಗಾಗಲಿ, ದಾವಣಗೆರೆಯ ಚಿಗಟೇರಿ ಆಸ್ಪತ್ರೆಗಾಗಲಿ, ಮನೆಯಲ್ಲಿ ದಡಾರವಿರುವುದನ್ನು ದೂರವಾಣಿಯಲ್ಲಿ ತಿಳಿಸಲಿ. ಕೂಸಿಗೂ ಸೋಂಕು ತಗುಲಿರಬಹುದು. ಆದುದರಿಂದ ಜನಸಂದಣಿಯಲ್ಲಿ ಕೂಡದೆ, ಹೊರಗೆ ನಿಂತು, ಕರೆದಾಗ ಒಳಹೋಗಲಿ. ಸ್ಥಿತಿ ವಿಷಮಿಸಿದರೆ 108ಕ್ಕೆ ಕರೆ ಮಾಡಲಿ.

ಹಿಂದಕ್ಕೆ ಕಳುಹಿಸುವರೆಂಬ ಅಂಜಿಕೆಯಿಂದ ಕೆಲವರು ಸಂಗತಿಯನ್ನು ಮುಚ್ಚಿಡುವುದುಂಟು. ಹಾಗೆ ಮುಚ್ಚಿಟ್ಟ ಮಾತಿನ ಬೆಲೆಯನ್ನು ಪಕ್ಕದ ಬೆಂಚಿನ ಎಳೆಗೂಸು ತೆರಬೇಕಾದೀತು. ಹೇಳಿಕೊಂಡು ಬಂದ ತಾಯಿ ಎರಡು ಮನೆಗಳನ್ನು ಕಾಯುತ್ತಾಳೆ.